ಇಲಿಯ ಬದಲು ಬಟ್ಟಲು: ಔಷಧ ಪರೀಕ್ಷೆಯಲ್ಲಿ ನಿಜಕ್ಕೂ ಬದಲಾಗುತ್ತಿರುವುದೇನು?

ಔಷಧ ಪರೀಕ್ಷೆಗೆ ಇನ್ನು ಪ್ರಾಣಿಗಳು ಬೇಡ ಎಂಬರ್ಥದ ಸುದ್ದಿಗಳು 2025ರಲ್ಲಿ ಒಂದರ ಹಿಂದೊಂದು ಬಂದವು. ಏಪ್ರಿಲ್ 10ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೊನೊಕ್ಲೋನಲ್ ಆ್ಯಂಟಿಬಾಡಿ ಎಂಬ ಪ್ರೋಟೀನು ಔಷಧಗಳಿಂದ ಆರಂಭಿಸಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವ ಯೋಜನೆ ಪ್ರಕಟಿಸಿತು. ಮೂರರಿಂದ ಐದು ವರ್ಷಗಳಲ್ಲಿ ಔಷಧದ ಸುರಕ್ಷತೆ ನೋಡಲು ಪ್ರಾಣಿ ಬಳಸುವುದು ವಾಡಿಕೆಯಾಗಿ ಉಳಿಯದೆ ಅಪರೂಪವಾಗಬೇಕು ಎಂಬುದು ಅದರ ಗುರಿ. ಅದೇ ತಿಂಗಳ ಕೊನೆಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್, ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಕೂಡ ಇದೇ ದಿಕ್ಕಿನ ಘೋಷಣೆ ಮಾಡಿದವು.

ಸುದ್ದಿ ಓದಿದ ಕೆಲವರು ಪ್ರಾಣಿ ಪ್ರಯೋಗಕ್ಕೆ ನಿಷೇಧ ಬಿತ್ತು ಎಂದು ಸಂತೋಷಪಟ್ಟರು. ಇನ್ನು ಕೆಲವರು ‘ಹಾಗಾದರೆ ಮೊದಲ ಪ್ರಯೋಗ ನಮ್ಮ ಮೇಲೆಯೇ?’ ಎಂದು ಹೌಹಾರಿದರು. ಎರಡೂ ಅವಸರದ ತೀರ್ಮಾನ. ಪ್ರಾಣಿಯ ಜಾಗಕ್ಕೆ ಬರುತ್ತಿರುವುದು ಮುಖ್ಯವಾಗಿ ಪ್ರಯೋಗಾಲಯದ ಬಟ್ಟಲಲ್ಲಿ ಬೆಳೆಸಿದ ಮನುಷ್ಯರ ಜೀವಕೋಶ. ಜೊತೆಗೆ ಕಂಪ್ಯೂಟರ್ ಮಾದರಿಗಳು. ಪ್ರಾಣಿ ಉತ್ತಮವೋ ಬಟ್ಟಲು ಉತ್ತಮವೋ ಎಂಬ ಗದ್ದಲದಲ್ಲಿ, ಆ ಬಟ್ಟಲೊಳಗಿನ ಜೀವಕೋಶ ಎಂಥದ್ದು, ಡಬ್ಬಿಯ ಮೇಲಿನ ಹೆಸರಿನದೇ ಹೌದೇ, ದೇಹದಲ್ಲಿದ್ದಾಗಿನ ಗುಣ ಅದಕ್ಕೆ ಉಳಿದಿದೆಯೇ ಎಂದು ಕೇಳಿದವರು ಕಡಿಮೆ. ಹೊಸ ನೀತಿ ನಿಲ್ಲುವುದೂ ಬೀಳುವುದೂ ಅಲ್ಲೇ.

## ನಿಷೇಧವಲ್ಲ, ಸಡಿಲಿಕೆ

1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫಾನಿಲಮೈಡ್ ಎಂಬ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಸಿರಪ್ಪಿನಂತೆ ಮಾರಿತು. ಆ ದ್ರಾವಕ ವಿಷ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಅನೇಕ. ಮಾರುವ ಮುನ್ನ ಅದು ವಿಷವೇ ಎಂದು ಪರೀಕ್ಷಿಸಿಯೇ ಇರಲಿಲ್ಲ. ಮರುವರ್ಷ ಬಂದ ಕಾನೂನು, ಮಾರುಕಟ್ಟೆಗೆ ಬಿಡುವ ಮೊದಲು ಸುರಕ್ಷತೆ ತೋರಿಸಿ ಎಂದಿತು. ಆ ಕಾನೂನಿನ ಚೌಕಟ್ಟಿನಲ್ಲೇ ಮುಂದೆ ಪ್ರಾಣಿ ಪರೀಕ್ಷೆ ತಪ್ಪಿಸಲಾಗದ ಹಂತವಾಗಿ ಬೇರೂರಿತು. ಇಲಿಯಂಥ ಒಂದು ಪ್ರಾಣಿ, ಜೊತೆಗೆ ನಾಯಿ ಅಥವಾ ಕೋತಿಯಂಥ ಇನ್ನೊಂದು, ಇವೆರಡರಲ್ಲೂ ನೋಡಿಯೇ ಮನುಷ್ಯರಿಗೆ ಕೊಡುವುದು ಪದ್ಧತಿಯಾಯಿತು.

2022ರ ಡಿಸೆಂಬರ್ 29ರಂದು ಸಹಿಯಾದ ತಿದ್ದುಪಡಿ ಈ ಕಡ್ಡಾಯವನ್ನು ತೆಗೆಯಿತು. ಜೀವಕೋಶ ಪರೀಕ್ಷೆ, ಆರ್ಗನ್ ಚಿಪ್ (ಅಂಗದ ಕೋಶಗಳನ್ನು ಬೆಳೆಸಿದ ಪುಟ್ಟ ಸಾಧನ), ಕಂಪ್ಯೂಟರ್ ಮಾದರಿ, ಪ್ರಾಣಿ ಇವುಗಳಲ್ಲಿ ಪ್ರಶ್ನೆಗೆ ತಕ್ಕದ್ದನ್ನು ಬಳಸಿ ಪುರಾವೆ ಕೊಡಬಹುದು ಎಂದಿತು. ಭಾರತವೂ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಾವಳಿಗೆ ಹೆಚ್ಚುಕಡಿಮೆ ಇಂಥದ್ದೇ ತಿದ್ದುಪಡಿ ತಂದಿತು. ಯಾವ ಕಂಪನಿಗೂ ಪ್ರಾಣಿ ಬಳಸಬೇಡ ಎಂದು ಈ ಕಾನೂನುಗಳು ಹೇಳಿಲ್ಲ. ಬಳಸಲೇಬೇಕು ಎಂಬುದನ್ನು ಮಾತ್ರ ಬಿಟ್ಟಿವೆ. 2025ರ ಘೋಷಣೆ ಆ ಸಡಿಲಿಕೆಯನ್ನು ಒತ್ತಾಯದ ಕಡೆಗೆ ಒಂದು ಹೆಜ್ಜೆ ತಳ್ಳಿದೆ.

## ಆ್ಯಂಟಿಬಾಡಿಗಳೇ ಮೊದಲು ಏಕೆ

ಮೊನೊಕ್ಲೋನಲ್ ಆ್ಯಂಟಿಬಾಡಿ ಎಂದರೆ ಮನುಷ್ಯ ದೇಹದ ಒಂದೇ ಒಂದು ಗುರಿಗೆ ಅಂಟಿಕೊಳ್ಳುವಂತೆ ರೂಪಿಸಿದ ಪ್ರೋಟೀನು. ಕ್ಯಾನ್ಸರ್, ಸಂಧಿವಾತ, ಆಸ್ತಮಾದ ಅನೇಕ ಹೊಸ ಔಷಧಗಳು ಈ ಜಾತಿಯವು. ಆ ಗುರಿ ಇಲಿಯಲ್ಲಿ ಅನೇಕ ಸಲ ಬೇರೆಯೇ ಆಕಾರದಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಆಗ ಔಷಧ ಅಂಟುವುದಿಲ್ಲ. ಅಂಟದ ಔಷಧ ಅಪಾಯವನ್ನೂ ತೋರಿಸುವುದಿಲ್ಲ. ಕೋತಿಯಲ್ಲಿ ಗುರಿ ಹೊಂದಿಕೊಂಡರೂ, ಮನುಷ್ಯರ ಮಾದರಿಯ ಈ ಪ್ರೋಟೀನನ್ನು ಕೋತಿಯ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸಿ ದಾಳಿಗಿಳಿಯುವುದುಂಟು. ಕೆಲವು ವಾರಗಳಲ್ಲಿ ಔಷಧವೇ ದೇಹದಿಂದ ಮಾಯ. ದುಬಾರಿ ಪರೀಕ್ಷೆ ಮುಗಿದರೂ ಕೈಗೆ ಬಂದ ಮಾಹಿತಿ ಅಷ್ಟಕ್ಕಷ್ಟೆ. ಆದ್ದರಿಂದ ಪ್ರಾಣಿ ಪರೀಕ್ಷೆಯನ್ನು ಬಿಡುವುದಾದರೆ ಅತಿ ಕಡಿಮೆ ನಷ್ಟ ಇರುವ ಕಡೆಯಿಂದಲೇ ಎಫ್‌ಡಿಎ ಶುರು ಮಾಡಿದೆ. ಇದು ಜಾಣ ಆಯ್ಕೆ. ಆದರೆ ಇಲ್ಲಿ ಗೆದ್ದದ್ದು ಉಳಿದ ಔಷಧಗಳಲ್ಲೂ ಗೆಲ್ಲುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಅಂದಹಾಗೆ, ಈ ಆ್ಯಂಟಿಬಾಡಿಗಳಲ್ಲಿ ಬಹುಪಾಲು ಹುಟ್ಟುವುದೇ ಬೆಳೆಸಿದ ಸಸ್ತನಿ ಕೋಶಗಳಲ್ಲಿ. 1957ರಲ್ಲಿ ಥಿಯೋಡೋರ್ ಪಕ್ ಎಂಬ ವಿಜ್ಞಾನಿ ಇಲಿಯಂಥ ಪ್ರಾಣಿಯಾದ ಚೀನಾದ ಹ್ಯಾಮ್‌ಸ್ಟರ್ ಒಂದರ ಅಂಡಾಶಯದಿಂದ ತೆಗೆದ ಕೋಶಗಳ ಸಂತತಿ ಇಂದು ಕಾರ್ಖಾನೆಗಳ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಔಷಧ ತಯಾರಿಸುತ್ತಿದೆ. ತಯಾರಿಕೆಗೆ ನಂಬಿದ ತಂತ್ರವನ್ನು ಪರೀಕ್ಷೆಗೂ ನಂಬೋಣ ಎಂಬ ವಾದ ಕೇಳಲು ಚೆನ್ನ. ಆದರೆ ಕೋಶದಿಂದ ಒಂದು ಪ್ರೋಟೀನು ಪಡೆಯುವುದು ಬೇರೆ, ಕೋಶವನ್ನು ಇಡೀ ದೇಹದ ಪ್ರತಿನಿಧಿಯಾಗಿ ಸಾಕ್ಷಿಕಟ್ಟೆ ಹತ್ತಿಸುವುದು ಬೇರೆ.

## ಲಂಡನ್ನಿನ ಆರು ಮಂದಿ

ಈ ಚರ್ಚೆಯಲ್ಲಿ ಎರಡೂ ಪಾಳಯಗಳು ಎತ್ತಿ ಹೇಳುವ ಪ್ರಕರಣವೊಂದಿದೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್1412 ಎಂಬ ಆ್ಯಂಟಿಬಾಡಿಯನ್ನು ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು. ಕೋತಿಗಳು ತಡೆದುಕೊಂಡಿದ್ದ ಪ್ರಮಾಣದ ಐನೂರರಲ್ಲಿ ಒಂದು ಭಾಗವಷ್ಟೇ ಅದು. ಕೆಲವೇ ಗಂಟೆಗಳಲ್ಲಿ ಆರೂ ಜನರ ರೋಗನಿರೋಧಕ ವ್ಯವಸ್ಥೆ ಹುಚ್ಚೆದ್ದಿತು. ಅಂಗಾಂಗಗಳು ಒಂದೊಂದಾಗಿ ಸೋಲತೊಡಗಿ ಎಲ್ಲರೂ ತೀವ್ರ ನಿಗಾ ಘಟಕ ಸೇರಿದರು. ಜೀವ ಉಳಿಯಿತು, ಕೆಲವರಿಗೆ ಕಾಯಂ ಹಾನಿಯಾಯಿತು.

ಕೋತಿ ಏಕೆ ಎಚ್ಚರಿಸಲಿಲ್ಲ? ಔಷಧದ ಗುರಿ ಸಿಡಿ28 ಎಂಬ ಪ್ರೋಟೀನು. ಮನುಷ್ಯರಲ್ಲಿ ಒಂದು ಬಗೆಯ ನೆನಪಿನ ಟಿ ಕೋಶಗಳ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳ) ಮೇಲ್ಮೈಯಲ್ಲಿ ಅದು ಉಳಿದಿರುತ್ತದೆ. ಪರೀಕ್ಷೆಗೆ ಬಳಸಿದ ಕೋತಿ ಜಾತಿಯಲ್ಲಿ ಅದೇ ಬಗೆಯ ಕೋಶಗಳು ಅದನ್ನು ಕಳೆದುಕೊಂಡಿರುತ್ತವೆ. ಕೆರಳಬೇಕಾದ ಕೋಶಗಳಿಗೆ ಔಷಧ ತಾಗುವ ಜಾಗವೇ ಅಲ್ಲಿರಲಿಲ್ಲ. ಇಲ್ಲಿಯವರೆಗಿನ ಕಥೆಯನ್ನು ಪ್ರಾಣಿ ಪರೀಕ್ಷೆಯ ವಿರೋಧಿಗಳು ಹೇಳುತ್ತಾರೆ. ಕಥೆ ಮುಗಿಯುವುದಿಲ್ಲ. ಮನುಷ್ಯರ ರಕ್ತದಿಂದ ತೆಗೆದ ಕೋಶಗಳನ್ನು ಬಟ್ಟಲಲ್ಲಿಟ್ಟು ಔಷಧವನ್ನು ಹಾಗೆಯೇ ದ್ರವಕ್ಕೆ ಬೆರೆಸಿದಾಗಲೂ ಅವು ತೆಪ್ಪಗೇ ಇದ್ದವು! ಆ್ಯಂಟಿಬಾಡಿಯನ್ನು ಬಟ್ಟಲಿನ ತಳಕ್ಕೆ ಒಣಗಿಸಿ ಅಂಟಿಸಿದಾಗ, ಇಲ್ಲವೇ ರಕ್ತನಾಳದ ಒಳಪದರದ ಕೋಶಗಳನ್ನು ಜೊತೆಗಿಟ್ಟಾಗ ಮಾತ್ರ ಕೋಶಗಳು ಕೆರಳಿದವು. ಮುಂದೆ ಜರ್ಮನಿಯ ತಂಡವೊಂದು ಇನ್ನೊಂದು ಕಾರಣ ತೋರಿಸಿತು. ರಕ್ತದಲ್ಲಿ ತೇಲುವ ಟಿ ಕೋಶಗಳಿಗೆ ಅಂಗಾಂಶದೊಳಗೆ ಸಿಗುವಂಥ ನೆರೆಕೋಶಗಳ ಸ್ಪರ್ಶ ಸಿಗುವುದಿಲ್ಲ, ಹಾಗಾಗಿ ಮಂಕಾಗಿರುತ್ತವೆ. ಎರಡು ದಿನ ಒತ್ತೊತ್ತಾಗಿ ಬೆಳೆಸಿದ ಮೇಲೆ ಅದೇ ಕೋಶಗಳು ಅದೇ ಔಷಧಕ್ಕೆ ಜೋರಾಗಿ ಸ್ಪಂದಿಸಿದವು.

ಕೋಶವೂ ಮನುಷ್ಯರದ್ದೇ, ಔಷಧವೂ ಅದೇ. ಎಷ್ಟು ದಟ್ಟವಾಗಿ ಬೆಳೆಸಿದರು, ಔಷಧವನ್ನು ಹೇಗೆ ಉಣಿಸಿದರು ಎಂಬುದರ ಮೇಲೆ ‘ಸುರಕ್ಷಿತ’ ಎಂಬ ಉತ್ತರ ‘ಮಾರಕ’ ಎಂದು ಬದಲಾಯಿತು. ಮನುಷ್ಯರ ಕೋಶ ಬಳಸಿದೆವು ಎಂಬ ಒಂದೇ ಕಾರಣಕ್ಕೆ ಫಲಿತಾಂಶ ಮನುಷ್ಯರಿಗೆ ಹತ್ತಿರವಾಗುವುದಿಲ್ಲ.

## ಫ್ಲಾಸ್ಕಿನೊಳಗಿನ ಬದುಕು

ಸಸ್ತನಿಗಳ ಕೋಶ ಬೆಳೆಸುವ ಕೋಣೆಯಲ್ಲಿ ಎಲ್ಲವೂ ಅಳತೆಯ ಪ್ರಕಾರ. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಸೆಲ್ಸಿಯಸ್, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್, ತುಂಬಿದ ತೇವ. ಮೀಡಿಯಂ ಎಂಬ ಪೋಷಕ ದ್ರವದಲ್ಲಿ ಲವಣ, ಅಮೈನೋ ಆಮ್ಲ, ವಿಟಮಿನ್, ಸಕ್ಕರೆ. ಅದರೊಳಗಿನ ಬೈಕಾರ್ಬನೇಟು ಆ ಅನಿಲದೊಂದಿಗೆ ಸೇರಿ ಆಮ್ಲ–ಕ್ಷಾರದ ಮಟ್ಟವನ್ನು ಹಿಡಿದಿಡುತ್ತದೆ. ಫೀನಾಲ್ ರೆಡ್ ಎಂಬ ಬಣ್ಣ ಸೇರಿಸಿರುವುದರಿಂದ ದ್ರವ ಕೆಂಪಗಿದ್ದರೆ ಸರಿ, ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆ ಎಂದು ಕಣ್ಣಲ್ಲೇ ತಿಳಿಯುತ್ತದೆ. ಕೋಶಗಳು ಫ್ಲಾಸ್ಕಿನ ತಳ ತುಂಬಿಕೊಂಡಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ, ಸ್ವಲ್ಪವನ್ನು ಹೊಸ ಫ್ಲಾಸ್ಕಿಗೆ ದಾಟಿಸುತ್ತಾರೆ. ಇದಕ್ಕೆ ಪ್ಯಾಸೇಜ್ ಎನ್ನುತ್ತಾರೆ. ಉಳಿದದ್ದನ್ನು ದ್ರವ ಸಾರಜನಕದ ಟ್ಯಾಂಕಿನಲ್ಲಿ ಶೇಖರಿಸಿಡುತ್ತಾರೆ.

ನಿಯಂತ್ರಣ ಬಿಗಿಯಾಗಿದೆ, ಸರಿ. ಆದರೆ ಯಾವುದರ ನಿಯಂತ್ರಣ? ಬಹಳ ಬಳಕೆಯಲ್ಲಿರುವ ಒಂದು ಮೀಡಿಯಂನಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ರಕ್ತ ಪರೀಕ್ಷೆಯ ಭಾಷೆಯಲ್ಲಿ ಅದು 450 ಮಿಲಿಗ್ರಾಂ. ಖಾಲಿ ಹೊಟ್ಟೆಯಲ್ಲಿ ನೂರು ದಾಟಿದರೆ ವೈದ್ಯರು ಹುಬ್ಬೇರಿಸುವ ಲೆಕ್ಕ ಅದು. ಇನ್‌ಕ್ಯುಬೇಟರ್‌ನ ಗಾಳಿಯಲ್ಲಿ ಆಮ್ಲಜನಕ ಶೇ 18ರ ಮೇಲಿದ್ದರೆ, ದೇಹದ ಹೆಚ್ಚಿನ ಅಂಗಾಂಶಗಳಿಗೆ ಸಿಗುವುದು ಒಂದಂಕಿಯಲ್ಲಿ. ಮೃದುವಾದ ಅಂಗಾಂಶದಲ್ಲಿ ಎಲ್ಲ ದಿಕ್ಕಿಗೂ ನೆರೆಯವರನ್ನು ತಬ್ಬಿಕೊಂಡಿದ್ದ ಕೋಶ ಇಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ರಕ್ತದ ಹರಿವಿಲ್ಲ, ಹಾರ್ಮೋನುಗಳ ಏರಿಳಿತವಿಲ್ಲ.

ಇದರ ಪರಿಣಾಮ ಔಷಧ ಪರೀಕ್ಷೆಯ ಮೇಲೆ ನೇರವಾಗಿ ಆಗುತ್ತದೆ. ಔಷಧ ವಿಷವಾಗುವುದೋ ನಿರುಪದ್ರವಿಯಾಗುವುದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಯಕೃತ್ತಿನ ಕೋಶಗಳ ಕಿಣ್ವಗಳು. ದಾನಿಯ ಯಕೃತ್ತಿನಿಂದ ತೆಗೆದ ತಾಜಾ ಕೋಶಗಳನ್ನು ಬರೀ ಬಟ್ಟಲಲ್ಲಿ ಇಟ್ಟರೆ ಆ ಕಿಣ್ವಗಳು ಕೆಲವೇ ದಿನಗಳಲ್ಲಿ ಇಳಿಮುಖವಾಗುತ್ತವೆ. ಕೋಶ ಬದುಕಿರುತ್ತದೆ, ಯಕೃತ್ತಿನ ಕೆಲಸ ಬಿಟ್ಟಿರುತ್ತದೆ. ಅಂಥ ಕೋಶಕ್ಕೆ ಔಷಧ ಹಾಕಿ ‘ತೊಂದರೆಯಿಲ್ಲ’ ಎಂದು ಬರೆದುಕೊಂಡರೆ, ಔಷಧ ದೇಹದೊಳಗೆ ಹೋಗಿ ಒಡೆದು ಹುಟ್ಟಿಸುವ ವಿಷವನ್ನು ಯಾರೂ ನೋಡಿರುವುದಿಲ್ಲ.

ಸಾಮಾನ್ಯ ಕೋಶಗಳಿಗೆ ಆಯುಸ್ಸಿನ ಮಿತಿಯೂ ಇದೆ. ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದಂತೆ, ಮನುಷ್ಯರ ಸಾಮಾನ್ಯ ಕೋಶಗಳು ಸುಮಾರು ಐವತ್ತು ಬಾರಿ ವಿಭಜಿಸಿ ನಿಂತುಬಿಡುತ್ತವೆ. ಅನಂತವಾಗಿ ಬೆಳೆಯುವವು ಹೆಚ್ಚಾಗಿ ಕ್ಯಾನ್ಸರಿನಿಂದ ಬಂದವು, ಇಲ್ಲವೇ ಕೃತಕವಾಗಿ ಅಮರಗೊಳಿಸಿದವು. ಹೀಗೆ ಬೆಳೆಯುತ್ತಲೇ ಇರುವ ಕೋಶ ಸಂತತಿಯೇ ಸೆಲ್ ಲೈನ್. ಸುಲಭಕ್ಕೆ ಸಿಗುವ ಸೆಲ್ ಲೈನ್ ದೇಹಕ್ಕೆ ದೂರ, ದೇಹಕ್ಕೆ ಹತ್ತಿರದ್ದು ಬೇಗ ಮುಗಿಯುತ್ತದೆ. 2007ರ ನಂತರ ಈ ಇಕ್ಕಟ್ಟು ಸ್ವಲ್ಪ ಸಡಿಲಾಯಿತು. ಜಪಾನಿನ ವಿಜ್ಞಾನಿ ಶಿನ್ಯಾ ಯಾಮಾನಾಕಾ ತಂಡದ ವಿಧಾನದಲ್ಲಿ ವಯಸ್ಕರ ಚರ್ಮದ ಕೋಶವನ್ನು, ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಕಾಂಡಕೋಶದ ಸ್ಥಿತಿಗೆ ಹಿಂದಿರುಗಿಸಿ, ಅದರಿಂದ ಹೃದಯದ್ದೋ ನರದ್ದೋ ಕೋಶ ಮಾಡಿಕೊಳ್ಳಬಹುದು. ಆದರೆ ಹೀಗೆ ಬಂದ ಹೃದಯದ ಕೋಶಗಳು ಬಡಿದುಕೊಂಡರೂ ವಯಸ್ಕರ ಹೃದಯಕ್ಕಿಂತ ಭ್ರೂಣದ ಹೃದಯವನ್ನೇ ಹೆಚ್ಚು ಹೋಲುತ್ತವೆ.

## ಹೆಸರು ಒಂದು, ಕೋಶ ಇನ್ನೊಂದು

1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ಬೆಳೆಸಿದ ಹೀಲಾ, ಮನುಷ್ಯರ ಮೊದಲ ಅಮರ ಸೆಲ್ ಲೈನ್. ಅದು ಎಷ್ಟು ಬಿರುಸಾಗಿ ಬೆಳೆಯುತ್ತದೆಂದರೆ, ಅಜಾಗರೂಕತೆಯಿಂದ ಒಂದು ಹನಿ ಬೇರೆ ಫ್ಲಾಸ್ಕಿಗೆ ಬಿದ್ದರೂ ಅಲ್ಲಿನ ಮೂಲ ಕೋಶಗಳನ್ನು ಹಿಂದಿಕ್ಕಿ ತಾನೇ ತುಂಬಿಕೊಳ್ಳುತ್ತದೆ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಬೇರೆ ಬೇರೆ ಅಂಗಗಳದ್ದೆಂದು ಹೆಸರಿಟ್ಟಿದ್ದ 18 ಸೆಲ್ ಲೈನ್‌ಗಳು ಹೀಲಾ ಆಗಿರಬಹುದು ಎಂದು ಸಭೆಯೊಂದರಲ್ಲಿ ಹೇಳಿದಾಗ ಕೇಳಿದವರಿಗೆ ಅದು ಹಿಡಿಸಲಿಲ್ಲ. ಯಕೃತ್ತಿನದೆಂದು ಲೆಕ್ಕವಿಲ್ಲದಷ್ಟು ಕಡೆ ಬಳಸಿದ ‘ಚಾಂಗ್ ಲಿವರ್’ ಕೂಡ ಹೀಲಾ. ಸ್ತನ ಕ್ಯಾನ್ಸರಿನದೆಂದು ವರ್ಷಗಟ್ಟಲೆ ಅಧ್ಯಯನಕ್ಕೊಳಗಾದ ಎಂಡಿಎ-ಎಂಬಿ-435 ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಿಂದ ಬಂದದ್ದು.

ಹೀಗೆ ತಪ್ಪು ಗುರುತಿನ ಸೆಲ್ ಲೈನ್‌ಗಳ ಪಟ್ಟಿಯನ್ನು ಐಕ್ಲ್ಯಾಕ್ ಎಂಬ ಅಂತರರಾಷ್ಟ್ರೀಯ ಸಮಿತಿ ಇಟ್ಟಿದೆ. ಅದರಲ್ಲಿ ಐನೂರಕ್ಕೂ ಹೆಚ್ಚು ಹೆಸರುಗಳಿವೆ. 2017ರ ಒಂದು ಎಣಿಕೆಯಂತೆ ಇಂಥ ಕೋಶಗಳನ್ನು ಬಳಸಿದ ಪ್ರಬಂಧಗಳ ಸಂಖ್ಯೆ 32,755. ಪರಿಹಾರ ಕಷ್ಟದ್ದೇನಲ್ಲ. ಅಪರಾಧ ತನಿಖೆಯಲ್ಲಿ ಬಳಸುವಂಥದ್ದೇ ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿದರೆ ಸಾಕು. ಮಾಡಿಸುವ ಶಿಸ್ತು ಬರಲು ದಶಕಗಳು ಹಿಡಿದವು ಎಂಬುದೇ ಸೋಜಿಗ.

ಹೆಸರು ಸರಿಯಿದ್ದರೂ ಕೋಶ ಬದಲಾಗುತ್ತಿರುತ್ತದೆ. 2018ರಲ್ಲಿ ಎಂಸಿಎಫ್-7 ಎಂಬ ಒಂದೇ ಸ್ತನ ಕ್ಯಾನ್ಸರ್ ಸೆಲ್ ಲೈನ್‌ನ, ಬೇರೆ ಬೇರೆ ಕಡೆ ಬೆಳೆದ 27 ಕವಲುಗಳ ಮೇಲೆ 321 ರಾಸಾಯನಿಕಗಳನ್ನು ಪರೀಕ್ಷಿಸಿದರು. ಕೆಲವು ಕವಲುಗಳನ್ನು ಬಲವಾಗಿ ತಡೆದ ರಾಸಾಯನಿಕಗಳಲ್ಲಿ ಮುಕ್ಕಾಲು ಪಾಲು ಇನ್ನು ಕೆಲವು ಕವಲುಗಳ ಮೇಲೆ ಏನೂ ಮಾಡಲಿಲ್ಲ. ಸಾಲದ್ದಕ್ಕೆ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾದ ಕಾಟ. ಕೋಶಭಿತ್ತಿಯೇ ಇಲ್ಲದ ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಸಾಮಾನ್ಯ ಸೋಸುಕಗಳಿಂದಲೂ ನುಸುಳುತ್ತದೆ, ದ್ರವವನ್ನು ಕದಡುವುದೂ ಇಲ್ಲ. ಫ್ಲಾಸ್ಕು ನೋಡಲು ಚೊಕ್ಕಟವಾಗಿರುತ್ತದೆ, ಒಳಗಿನ ಕೋಶಗಳ ವರ್ತನೆ ಬದಲಾಗಿರುತ್ತದೆ. ನಿಯಮಿತವಾಗಿ ಪಿಸಿಆರ್ ಪರೀಕ್ಷೆ ಮಾಡದಿದ್ದರೆ ಗೊತ್ತೇ ಆಗುವುದಿಲ್ಲ.

ಸಂಶೋಧನಾ ಪ್ರಬಂಧದಲ್ಲಿ ಇಂಥ ತಪ್ಪಾದರೆ ವ್ಯರ್ಥವಾಗುವುದು ಹಣ ಮತ್ತು ಸಮಯ. ಅದೇ ಕೋಶದ ಮಾತು ಕೇಳಿ ಔಷಧವನ್ನು ಮನುಷ್ಯರಿಗೆ ಕೊಡುವುದಾದರೆ ತಪ್ಪಿನ ಬೆಲೆ ಬೇರೆ.

## ಚಿಪ್ ಮೇಲಿನ ಯಕೃತ್ತು

ಹಾಗೆಂದು ತಂತ್ರಜ್ಞಾನ ಅಲ್ಲೇ ನಿಂತಿಲ್ಲ. ಕಾಂಡಕೋಶಗಳು ತಾವೇ ಜೋಡಿಸಿಕೊಂಡು ಕಿರು ಅಂಗದಂತಾಗುವ ಆರ್ಗನಾಯ್ಡ್‌ಗಳು 2009ರ ನಂತರ ಬೆಳೆದು ಬಂದವು. 2010ರಲ್ಲಿ ಡೊನಾಲ್ಡ್ ಇಂಗ್‌ಬರ್ ತಂಡ, ಉಸಿರಾಟದಂತೆ ಹಿಗ್ಗಿ ಕುಗ್ಗುವ ಪೊರೆಯ ಮೇಲೆ ಶ್ವಾಸಕೋಶದ ಕೋಶ ಬೆಳೆಸಿದ ಚಿಪ್ ತೋರಿಸಿತು. ಇವುಗಳಲ್ಲಿ ದ್ರವ ಹರಿಯುತ್ತದೆ, ಹಲವು ಬಗೆಯ ಕೋಶಗಳು ಒಟ್ಟಿಗಿರುತ್ತವೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 870 ಯಕೃತ್ ಚಿಪ್‌ಗಳ ಮೇಲೆ 27 ಔಷಧಗಳನ್ನು ನೋಡಿದರು. ಮನುಷ್ಯರ ಯಕೃತ್ತಿಗೆ ಹಾನಿ ಮಾಡುವ ಔಷಧಗಳಲ್ಲಿ ಶೇ 87ನ್ನು ಚಿಪ್ ಪತ್ತೆಹಚ್ಚಿತು. ನಿರಪಾಯವಾದ ಯಾವುದನ್ನೂ ಅಪಾಯಕಾರಿ ಎನ್ನಲಿಲ್ಲ. ಉತ್ತೇಜನ ಕೊಡುವ ಅಂಕಿ. ಅಧ್ಯಯನ ನಡೆಸಿದವರು ಚಿಪ್ ತಯಾರಕರೇ, ಔಷಧಗಳು ಇಪ್ಪತ್ತೇಳೇ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಕಾಲದ ಪ್ರಶ್ನೆ ಇನ್ನೂ ಕಠಿಣ. 1993ರಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೆ ಫಿಯಾಲುರಿಡಿನ್ ಎಂಬ ಔಷಧ ಕೊಟ್ಟ ಪ್ರಯೋಗದಲ್ಲಿ 15 ಮಂದಿಯ ಪೈಕಿ ಐವರು ಸತ್ತರು; ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಆ ಔಷಧವನ್ನು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದೊಳಕ್ಕೆ ಸಾಗಿಸುವ ಒಂದು ಪ್ರೋಟೀನು ಮನುಷ್ಯರ ಮೈಟೊಕಾಂಡ್ರಿಯಾದಲ್ಲಿದೆ, ಇಲಿಗಳದ್ದರಲ್ಲಿ ಇಲ್ಲ. ಹಾಗಾಗಿ ಪ್ರಾಣಿ ಪರೀಕ್ಷೆ ಎಚ್ಚರಿಸಲಿಲ್ಲ. ಆದರೆ ವಿಷದ ಪರಿಣಾಮ ಕಂಡದ್ದು ವಾರಗಟ್ಟಲೆ ಔಷಧ ತೆಗೆದುಕೊಂಡ ಮೇಲೆ. ಮೂರು ದಿನ ಬಾಳುವ ಬಟ್ಟಲಿನ ಕೋಶವೂ ಅದನ್ನು ತೋರಿಸುತ್ತಿರಲಿಲ್ಲ.

## ಯಾರು ಏನನ್ನುತ್ತಾರೆ

ಪ್ರಾಣಿ ಪರೀಕ್ಷೆ ಬಿಡಿ ಎನ್ನುವವರ ಬಲವಾದ ಅಸ್ತ್ರ ಒಂದು ಅಂಕಿ: ಪ್ರಾಣಿಗಳಲ್ಲಿ ಪಾಸಾಗಿ ಮನುಷ್ಯರ ಪ್ರಯೋಗಕ್ಕೆ ಬಂದ ಔಷಧಗಳಲ್ಲಿ ಶೇ 90ರಷ್ಟು ಅನುಮತಿಯವರೆಗೆ ಮುಟ್ಟುವುದಿಲ್ಲ. ಅಂಕಿ ಸರಿ, ಆದರೆ ಅದರಿಂದ ಎಳೆಯುವ ತೀರ್ಮಾನ ಪೂರ್ತಿ ಸರಿಯಲ್ಲ. ಅನೇಕ ಔಷಧಗಳು ಬೀಳುವುದು ರೋಗಕ್ಕೆ ನಾಟದೆ, ಇಲ್ಲವೇ ಕಂಪನಿಯ ವ್ಯಾಪಾರದ ಲೆಕ್ಕಕ್ಕೆ ಕೂಡದೆ. ಜೊತೆಗೆ, ಪ್ರಾಣಿಗೆ ವಿಷವೆಂದು ಮನುಷ್ಯರ ತನಕ ಬಾರದೇ ಉಳಿದ ಔಷಧಗಳು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ವಿಷವಿಜ್ಞಾನಿಗಳಲ್ಲಿ ಅನೇಕರದ್ದು ನಡುದಾರಿ. ಚರ್ಮ ಉರಿಯುತ್ತದೆಯೇ ಎಂಬ ಪ್ರಶ್ನೆಗೆ ಮನುಷ್ಯರ ಕೋಶದಿಂದ ಮರುಕಟ್ಟಿದ ಚರ್ಮ ಸಾಕು. ಚುಚ್ಚುಮದ್ದಿನಲ್ಲಿ ಜ್ವರ ತರಿಸುವ ಕಲ್ಮಶ ಪತ್ತೆಗೆ ಮೊಲದ ಬದಲು ಮನುಷ್ಯರ ಮೊನೊಸೈಟ್ ಎಂಬ ಬಿಳಿ ರಕ್ತಕೋಶ ಸಾಕೆಂದು ಯುರೋಪಿನ ಔಷಧ ಮಾನದಂಡ ಸಂಸ್ಥೆಯೇ 2024ರಲ್ಲಿ ತೀರ್ಮಾನಿಸಿತು. ಒಂದು ಪ್ರಶ್ನೆ, ಒಂದು ಅಂಗಾಂಶ, ಸ್ಪಷ್ಟ ಉತ್ತರ ಇರುವಲ್ಲೆಲ್ಲ ಬಟ್ಟಲು ಗೆದ್ದಿದೆ. ಗರ್ಭದ ಮೇಲಿನ ಪರಿಣಾಮ, ರಕ್ತದೊತ್ತಡ, ಹಲವು ಅಂಗಗಳು ಸೇರಿ ಆಡುವ ಆಟ ಇವುಗಳಲ್ಲಿ ಇನ್ನೂ ಇಲ್ಲ. ಈ ನಿಲುವೇ ಪುರಾವೆಗೆ ಹತ್ತಿರವಾಗಿದೆ. ಗದ್ದಲದಲ್ಲಿ ಕೇಳಿಸುವುದು ಕಡಿಮೆ, ಅಷ್ಟೆ.

## ಕರುವಿನ ರಕ್ತ, ಮನುಷ್ಯರ ಒಪ್ಪಿಗೆ

‘ಪ್ರಾಣಿರಹಿತ’ ಎಂದು ಕರೆಸಿಕೊಳ್ಳುವ ವಿಧಾನದೊಳಗೇ ಒಂದು ಮುಜುಗರ ಅಡಗಿದೆ. ಬಹಳಷ್ಟು ಮೀಡಿಯಂಗಳಿಗೆ ಶೇ 10ರಷ್ಟು ಸೇರಿಸುವ ಸೀರಮ್ ಬರುವುದು ಕಸಾಯಿಖಾನೆಯಲ್ಲಿ ಗಬ್ಬದ ಹಸುಗಳ ಹೊಟ್ಟೆಯಿಂದ ತೆಗೆದ ಕರುಗಳ ರಕ್ತದಿಂದ. ಅದರಲ್ಲಿ ಏನೇನಿದೆ ಎಂಬ ಪೂರ್ಣ ಪಟ್ಟಿಯಿಲ್ಲ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಗುಣ ಬದಲಾಗುತ್ತದೆ. ಅಂದರೆ ನೈತಿಕ ತಕರಾರನ್ನು ಬದಿಗಿಟ್ಟರೂ, ಎರಡು ಪ್ರಯೋಗಾಲಯಗಳ ಫಲಿತಾಂಶ ಹೊಂದದಿರಲು ಇದೂ ಒಂದು ಕಾರಣ. ಸೀರಮ್ ಇಲ್ಲದ, ಪ್ರತಿ ಅಂಶವೂ ಗೊತ್ತಿರುವ ಮೀಡಿಯಂಗಳು ಇವೆ. ಔಷಧ ಕಾರ್ಖಾನೆಗಳು ಆಗಲೇ ಅತ್ತ ಹೊರಳಿವೆ. ಆದರೆ ಒಂದೊಂದು ಕೋಶಕ್ಕೂ ಬೇರೆ ಮಿಶ್ರಣ ಬೇಕು, ಬೆಲೆಯೂ ಹೆಚ್ಚು.

ಇನ್ನೊಂದು ಬದಿಯಲ್ಲಿ, ಮನುಷ್ಯರ ಕೋಶಕ್ಕೆ ಬೇಡಿಕೆ ಏರಿದಷ್ಟೂ ಅದನ್ನು ಕೊಟ್ಟವರ ಒಪ್ಪಿಗೆಯ ಪ್ರಶ್ನೆ ದೊಡ್ಡದಾಗುತ್ತದೆ. ಲ್ಯಾಕ್ಸ್ ಅವರನ್ನು ಯಾರೂ ಕೇಳಿರಲಿಲ್ಲ. ಹೀಲಾ ಕೋಶಗಳಿಂದ ಲಾಭ ಮಾಡಿಕೊಂಡಿತೆಂದು ಮೊಕದ್ದಮೆ ಹೂಡಿದ್ದ ಅವರ ಕುಟುಂಬ ಥರ್ಮೊ ಫಿಶರ್ ಕಂಪನಿಯೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ, ಅವರು ತೀರಿಕೊಂಡು ಎಪ್ಪತ್ತೆರಡು ವರ್ಷಗಳಾಗುವ ಹೊತ್ತಿಗೆ.

## ಮುಂದಿನ ಕೆಲವು ವರ್ಷ

ಮೊದಲ ಪರಿಣಾಮ ಬಹುಶಃ ಹೆಚ್ಚುವರಿ ಕೆಲಸ. ಹೊಸ ಪರೀಕ್ಷೆ ನಂಬಿಕೆ ಗಳಿಸುವವರೆಗೆ ಕಂಪನಿಗಳು ಎರಡೂ ಬಗೆಯ ದತ್ತಾಂಶ ಸಲ್ಲಿಸುತ್ತವೆ. ತನ್ನ ಅರ್ಜಿ ತಿರಸ್ಕಾರವಾಗುವ ಅಪಾಯವನ್ನು ಮೊದಲಿಗನಾಗಿ ಹೊರಲು ಯಾರಿಗೂ ಇಷ್ಟವಿರುವುದಿಲ್ಲ. ಎರಡನೆಯದು, ಕೋಶ ಬೆಳೆಸುವ ಕೆಲಸ ಪ್ರಯೋಗಾಲಯದ ಹಿತ್ತಿಲಿನಿಂದ ಮುಂಬಾಗಿಲಿಗೆ ಬರುತ್ತದೆ. ಕೋಶದ ಮೂಲ, ಡಿಎನ್‌ಎ ಗುರುತು, ಪ್ಯಾಸೇಜ್ ಸಂಖ್ಯೆ, ಮೈಕೋಪ್ಲಾಸ್ಮಾ ವರದಿ, ಮೀಡಿಯಂನ ವಿವರ ಎಲ್ಲವೂ ಔಷಧದ ಕಡತದ ಭಾಗವಾಗಬೇಕಾಗುತ್ತದೆ. ದೊಡ್ಡ ಕಂಪನಿಗಳಿಗೆ ಇದು ಖರ್ಚಿನ ಬಾಬತ್ತು. ಸಣ್ಣ ಪ್ರಯೋಗಾಲಯಗಳಿಗೆ ಪ್ರವೇಶದ ಅಡ್ಡಿಯೂ ಆಗಬಹುದು. ಮೂರನೆಯದು, ಲಂಡನ್ ಘಟನೆಯ ನಂತರ ಬಂದ ಎಚ್ಚರಿಕೆಯ ಕ್ರಮಗಳಿಗೆ ಮಹತ್ವ ಹೆಚ್ಚುತ್ತದೆ. ಹೊಸ ಔಷಧವನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ, ಒಬ್ಬರಿಗೆ ಅತಿ ಸಣ್ಣ ಪ್ರಮಾಣ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನವರಿಗೆ ಕೊಡುವ ಪದ್ಧತಿ ಅದು.

ಪ್ರಯೋಗಕ್ಕೆ ಬಳಕೆಯಾಗುವ ಪ್ರಾಣಿಗಳ ಒಟ್ಟು ಸಂಖ್ಯೆ ಮಾತ್ರ ಸುದ್ದಿಯ ವೇಗದಲ್ಲಿ ಇಳಿಯಲಾರದು. ಬ್ರಿಟನ್ನಿನ ವಾರ್ಷಿಕ ಲೆಕ್ಕಪತ್ರ ನೋಡಿದರೆ, ಕಾನೂನು ಕೇಳುವ ಸುರಕ್ಷತಾ ಪರೀಕ್ಷೆಯ ಪಾಲು ಸಣ್ಣದು. ದೊಡ್ಡ ಪಾಲು ಮೂಲ ಸಂಶೋಧನೆಯದ್ದು ಮತ್ತು ಜೀನ್ ಬದಲಿಸಿದ ಇಲಿಗಳ ತಳಿ ಬೆಳೆಸುವುದರದ್ದು. ಎಫ್‌ಡಿಎ ನಿಯಮ ಆ ಇಲಿಗಳ ಕಡೆ ತಿರುಗಿಯೂ ನೋಡುವುದಿಲ್ಲ.